ದಿಂಬಕ್ಕ

"ತಡೀರಿ, ತಡೀರಿ! ಅವನ ಲಾರಿ ಬಂತು!"

ಹಲಗೆಯ ಕೆಳಗೆ ಕೈ ಕೊಟ್ಟು ಬಗ್ಗಿದ್ದ ನಾಲ್ವರೂ ಹಾಗೇ ನಿಂತರು. ಹೆಗಲಿಗೇರಿಸುವುದೋ ಕೆಳಗಿಡುವುದೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೀದಿಯ ತುದಿಯಲ್ಲಿ ಮೈತುಂಬ ಧೂಳು ಮೆತ್ತಿಕೊಂಡ ಲಾರಿಯೊಂದು ತಿರುಗಲಾರದೆ ಅಡ್ಡಡ್ಡ ನಿಂತಿತು. ಅದರಿಂದ ಧುಮುಕಿದವನು ಸತ್ತವಳ ಒಬ್ಬನೇ ಮಗ. ಇಂಜಿನ್ ಆರಿಸುವುದನ್ನೂ ಮರೆತು ಓಡಿಬಂದ.

"ಕೆಳಗಿಡ್ರೋ, ಮಗ ಮುಖ ನೋಡ್ಲಿ" ಎಂದ ಮೀಸೆ. ಮೀಸೆ ಎಂದರೆ ಆ ಬೀದಿಯ ಹಿರಿಯ ಡ್ರೈವರ್. ಮೀಸೆ ಬೋಳಿಸಿ ಎಷ್ಟೋ ವರ್ಷವಾಗಿದ್ದರೂ ಹೆಸರು ಮಾತ್ರ ಹಾಗೇ ಉಳಿದುಕೊಂಡಿತ್ತು.

ಮಗ ಹಲಗೆಯ ಪಕ್ಕ ಮಂಡಿಯೂರಿದ. ಹಗಲು ರಾತ್ರಿ ಎನ್ನದೆ ಸ್ಟೇರಿಂಗ್ ಹಿಡಿದು ಬಂದಿದ್ದ. ತಾಯಿಯ ಕೆನ್ನೆ ಮುಟ್ಟಿದವನು ಥಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡ.

"ಫೋನಲ್ಲಿ ಚೆನ್ನಾಗೇ ಮಾತಾಡಿದ್ಲಲ್ಲ ಅಪ್ಪ" ಎಂದ.

ಅಪ್ಪನಿಗೂ ಅಷ್ಟೇ ಗೊತ್ತಿದ್ದದ್ದು. ಬಟ್ಟೆ ಒಣಹಾಕುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು, ಮತ್ತೆ ಏಳಲಿಲ್ಲ. ಮುದುಕ ಹೆಂಡತಿಯ ಮೈಮೇಲಿನ ಬಟ್ಟೆಯ ಅಂಚು ಸರಿಮಾಡಿದ.

ಬಾಗಿಲಲ್ಲಿ ನಿಂತ ಸೊಸೆ ಮೂರು ತಿಂಗಳ ಮೇಲೆ ಗಂಡನನ್ನು ನೋಡುತ್ತಿದ್ದಳು. ಹೊಟ್ಟೆಯಲ್ಲಿ ಐದು ತಿಂಗಳ ಕೂಸು. ಮೊದಲು ಅವಳಿಗೆ ಆದದ್ದು ಸಂತೋಷ. ಅತ್ತೆಯ ಹೆಣದ ಮುಂದೆ ಸಂತೋಷವಾಯಿತಲ್ಲ ಎಂದು ಆಮೇಲೆ ನಾಚಿಕೆ. ಅದರ ಬೆನ್ನಿಗೇ ಹೆದರಿಕೆ ಬಂತು. ಇವತ್ತು ಇವರ ದಿಂಬನ್ನು ಹೊರಗಿಡುವವರು ಯಾರು?

ಆ ಬೀದಿಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಲಾರಿ ಯಾರ್ಡಿನ ಹಿಂದಿನ ಬೀದಿ ಅದು, ಮನೆಗೊಬ್ಬ ಡ್ರೈವರ್. ತಿಂಗಳುಗಟ್ಟಲೆ ದಾರಿಯಲ್ಲಿದ್ದು ಬಂದ ಗಂಡಸು ಮನೆಯಲ್ಲಿ ಉಣ್ಣಬಹುದು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಬಹುದು, ಬೇಕಾದರೆ ಹೆಂಡತಿಯ ಜೊತೆ ಜಗಳವನ್ನೂ ಆಡಬಹುದು. ಆದರೆ ಯಾರ್ಡಿನ ಗೇಟಿನ ಪಕ್ಕದ ಸಂಜೆ ಕ್ಲಿನಿಕ್ಕಿನಲ್ಲಿ ರಕ್ತ ತೋರಿಸಿ ಬರುವ ತನಕ ಅವನ ದಿಂಬು ಮನೆ ಮುಂದಿನ ಬೆಂಚಿನ ಮೇಲೆ. ಕೇಳಿದವರಿಗೆ 'ಬಿಸಿಲಿಗೆ ಹಾಕಿದೀನಿ' ಎಂದರೆ ಮುಗಿಯಿತು. ಮಳೆಗಾಲದಲ್ಲೂ ಅದೇ ಉತ್ತರ. ಈ ಪದ್ಧತಿ ತಂದವಳು ಈಗ ಹಲಗೆಯ ಮೇಲೆ ಮಲಗಿದ್ದ ಅತ್ತೆ. ಅವಳಿಗೆ ಬೀದಿ ಕೊಟ್ಟ ಹೆಸರು ದಿಂಬಕ್ಕ. ಮೊದಮೊದಲು ಗೇಲಿಗೆ ಇಟ್ಟದ್ದು, ಬರಬರುತ್ತಾ ಅವಳ ನಿಜವಾದ ಹೆಸರೇ ಎಲ್ಲರಿಗೂ ಮರೆತುಹೋಯಿತು.

ಮದುವೆಯಾದ ಮೇಲೆ ಮಗ ದೂರದ ಟ್ರಿಪ್ಪಿನಿಂದ ಬಂದಾಗಲೆಲ್ಲ ದಿಂಬು ಹೊರಗಿಟ್ಟವಳು ದಿಂಬಕ್ಕನೇ. ಅವನು ನಗುತ್ತಾ ಕ್ಲಿನಿಕ್ಕಿಗೆ ಹೋಗಿ ಬರುತ್ತಿದ್ದ. ಸೊಸೆ ಬಾಯಿ ತೆರೆಯಬೇಕಾಗಿ ಬಂದಿರಲಿಲ್ಲ.

ಹಲಗೆ ಮತ್ತೆ ಮೇಲೆದ್ದಿತು. ಈ ಸಲ ಮುಂದಿನ ಎಡಗಡೆಗೆ ಮಗನ ಹೆಗಲು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅವನದೇ ಲಾರಿ ದಾರಿ ಕಟ್ಟಿತ್ತು. ಯಾರೋ ಹತ್ತಿ ಅದನ್ನು ಹಿಂದಕ್ಕೆ ತೆಗೆಯುವ ತನಕ ದಿಂಬಕ್ಕ ತನ್ನ ಬೀದಿಯ ತುದಿಯಲ್ಲಿ ಇನ್ನೊಂದಿಷ್ಟು ಹೊತ್ತು ಕಾಯಬೇಕಾಯಿತು.

"ಹೋಗೋಕೆ ಮನಸ್ಸಿಲ್ಲ ಕಣೇ ಅವಳಿಗೆ" ಎಂದು ಎದುರು ಮನೆಯ ಟೈಲರಮ್ಮ ಬಿಕ್ಕಿದಳು. ಸೊಸೆ ಅವಳ ಕೈ ಹಿಡಿದುಕೊಂಡಳು.

*

ಮಣ್ಣು ಮಾಡಿ ಬಂದ ಗಂಡಸರು ಕೈಕಾಲು ತೊಳೆದುಕೊಳ್ಳುವಷ್ಟರಲ್ಲಿ ಚಿಕ್ಕಮ್ಮ ಮನೆಯ ಆಡಳಿತ ಕೈಗೆ ತೆಗೆದುಕೊಂಡಿದ್ದಳು. ಅವಳು ದಿಂಬಕ್ಕನ ಒಡಹುಟ್ಟಿದ ತಂಗಿ, ದೂರದ ಊರಿನವಳು. ಅಳುವುದನ್ನೂ ಕೆಲಸ ಹೇಳುವುದನ್ನೂ ಒಟ್ಟೊಟ್ಟಿಗೆ ಮಾಡಬಲ್ಲ ಹೆಂಗಸು. ಅಕ್ಕನ ಬೀದಿಯ ಪದ್ಧತಿ ಅವಳಿಗೆ ತಿಳಿಯದು. ಅವಳ ಕಣ್ಣಿಗೆ ಬಿದ್ದದ್ದು ಇಷ್ಟು: ಮನೆ ಸಣ್ಣದು, ಬಂದವರು ಹೆಚ್ಚು, ಬಸುರಿ ಹುಡುಗಿ ಗುಂಪಿನಲ್ಲಿ ನೆಲದ ಮೇಲೆ ಮಲಗಬಾರದು.

"ಒಳಕೋಣೆ ಗಂಡ ಹೆಂಡ್ತಿಗೆ. ನಾವೆಲ್ಲ ಇಲ್ಲೇ ಮುಂದ್ಗಡೆ ಬಿದ್ಕೋತೀವಿ" ಎಂದು ಹಾಸಿಗೆ ಕೊಡವಿ, ದಿಂಬುಗಳೆರಡನ್ನೂ ಒಂದರ ಪಕ್ಕ ಒಂದು ಇಟ್ಟಳು.

ಚಿಕ್ಕಮ್ಮ ಅಡುಗೆಮನೆಗೆ ಹೋಗುವುದನ್ನೇ ಕಾದಿದ್ದು, ಸೊಸೆ ಗಂಡನ ದಿಂಬನ್ನು ಎತ್ತಿಕೊಂಡು ಹೋಗಿ ಹೊರಗಿನ ಬೆಂಚಿನ ಮೇಲೆ ಇಟ್ಟಳು.

ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ಅದನ್ನು ಬಗಲಲ್ಲಿ ಅವುಚಿಕೊಂಡು ಬಂದಳು. "ಯಾರಮ್ಮ ಇದನ್ನ ಹೊರಗೆ ಬಿಸಾಕಿದ್ದು?"

"ಬಿಸಿಲಿಗೆ ಹಾಕಿದ್ದೆ ಚಿಕ್ಕತ್ತೆ."

"ಬಿಸಿಲೆಲ್ಲಿದೆ? ಹೊತ್ತು ಇಳೀತಾ ಇದೆ. ಸಾವಿನ ಮನೇಲಿ ಇವಳಿಗೆ ದಿಂಬು ಒಣಗಿಸೋ ಚಿಂತೆ!"

ದಿಂಬು ಒಳಗೆ ಹೋಯಿತು. ಚಿಕ್ಕಮ್ಮ ನೀರಿಗೆ ಹೋದಾಗ ಹೊರಗೆ ಬಂತು. ಅವಳು ಮರಳಿದಾಗ ಮತ್ತೆ ಒಳಗೆ. ಎದುರು ಮನೆಯಿಂದ ಟೈಲರಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ಅವಳು ಎದ್ದು ಬರಲಿಲ್ಲ. ಇದು ಈ ಹುಡುಗಿಯೇ ಮಾಡಬೇಕಾದ ಕೆಲಸ ಎಂದು ಅವಳಿಗೆ ಗೊತ್ತಿತ್ತು.

*

ದಿಂಬಕ್ಕ ದಿಂಬಕ್ಕನಾಗುವ ಮೊದಲು ಮೂರು ಸಲ ಬಸುರಾಗಿದ್ದಳು. ಮೊದಲ ಎರಡು ನಿಲ್ಲಲಿಲ್ಲ. ಮೂರನೆಯದು ದಿನ ತುಂಬಿ ಹುಟ್ಟಿತು. ಹೆಣ್ಣು. ತಲೆತುಂಬ ಕೂದಲು, ಪುಟ್ಟ ಉಗುರುಗಳು, ಎಲ್ಲವೂ ಇದ್ದವು. ಅಳು ಮಾತ್ರ ಇರಲಿಲ್ಲ. ನರ್ಸು ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದನ್ನು ಅವಳು ಎಷ್ಟೋ ಹೊತ್ತು ಕೆಳಗಿಡಲಿಲ್ಲ. ಇನ್ನೊಂದು ಸ್ವಲ್ಪ ಹೊತ್ತಿಗೆ ಅಳುತ್ತದೆ ಎಂದು ಕಾಯುತ್ತಿದ್ದಳು.

ನೋಡಿಕೊಳ್ಳಲು ಬಂದಿದ್ದ ತಂಗಿ, "ನಿನ್ನ ಹೊಟ್ಟೇಲೇ ಏನೋ ಕೆಟ್ಟದ್ದಿದೆ ಅಕ್ಕ" ಎಂದಳು. ಮರುಕದಿಂದಲೇ ಹೇಳಿದ ಮಾತು. ಅಲ್ಲಿಂದ ಮುಂದೆ ನೆಂಟರಿಷ್ಟರ ಬಾಯಲ್ಲೆಲ್ಲ ಅದೇ ಮಾತು ನಿಂತುಹೋಯಿತು.

ಆಸ್ಪತ್ರೆಯ ಡಾಕ್ಟರಮ್ಮ ಮಾತ್ರ ರಕ್ತ ಪರೀಕ್ಷೆ ಮಾಡಿಸಿ, "ಗಂಡನ್ನ ಕರ್ಕೊಂಡು ಬಾ" ಎಂದಳು. ಗಂಡ ಬಂದು ಕುರ್ಚಿಯ ತುದಿಯಲ್ಲಿ ಕೂತ. ಕೇಳಿದ್ದಕ್ಕೆಲ್ಲ ಕಾಲ ಬೆರಳು ನೋಡುತ್ತಾ ಉತ್ತರ ಕೊಟ್ಟ. ಹೌದು, ಮದುವೆಯಾದ ಹೊಸದರಲ್ಲಿ ಒಂದು ಹುಣ್ಣಾಗಿತ್ತು. ನೋವಿರಲಿಲ್ಲ, ತಾನಾಗಿ ಮಾಯಿತು. ಆಮೇಲೆ ಅಂಗೈ ಮೇಲೆಲ್ಲ ಕಲೆ ಬಂದವು. ದಾರಿಯಲ್ಲಿ ಯಾವುದೋ ಊರಿನ ಡಾಕ್ಟರ ಹತ್ತಿರ ಸೂಜಿ ಹಾಕಿಸಿಕೊಂಡ. ವಾಸಿಯಾಯಿತು.

"ಹೆಂಡ್ತಿಗೆ ಹೇಳಿದ್ಯಾ?"

ಹೇಳಿರಲಿಲ್ಲ. ಹೇಳಿದರೆ ಮಾನ ಹೋಗುತ್ತದೆ ಎಂದುಕೊಂಡಿದ್ದ.

"ಸಿಫಿಲಿಸ್ ಅಂತಾರೆ ಇದಕ್ಕೆ. ಸೂಜಿ ಹಾಕಿದ್ರೆ ಹೋಗೋ ಕಾಯಿಲೆ. ನಿನ್ನದು ಹೋಯ್ತು. ಇವಳದು ಇವಳ ಮೈಯಲ್ಲೇ ಉಳೀತು, ಹೊಟ್ಟೆಯಲ್ಲಿರೋ ಮಕ್ಕಳಿಗೂ ತಗಲ್ತು" ಎಂದಳು ಡಾಕ್ಟರಮ್ಮ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ಅವನಿಗೆ.

ಹೆಂಡತಿ ಮುಂದೆ ಮುಂದೆ ನಡೆದು ಮನೆ ಸೇರಿದಳು. ಒಲೆ ಹಚ್ಚಿದಳು, ಬಡಿಸಿದಳು, ಪಾತ್ರೆ ತೊಳೆದಳು. ಆಮೇಲೆ ಅವನ ದಿಂಬನ್ನು ತೆಗೆದುಕೊಂಡು ಹೋಗಿ ಹೊರಗಿನ ಬೆಂಚಿನ ಮೇಲೆ ಇಟ್ಟಳು.

"ನನ್ನ ಬಿಟ್ಟುಬಿಡ್ತೀಯಾ?" ಎಂದು ಕೇಳಿದ ಅವನು.

"ಬಿಡೋದಾಗಿದ್ರೆ ನಿಮ್ಮ ಪೆಟ್ಟಿಗೆ ಹೊರಗಿಡ್ತಿದ್ದೆ. ಇಟ್ಟಿರೋದು ದಿಂಬು. ಇಬ್ಬರದೂ ಸರಿಹೋಯ್ತು ಅಂತ ಡಾಕ್ಟರಮ್ಮ ಹೇಳಿದ ದಿನ ಒಳಗೆ ತಗೊಂಡು ಬನ್ನಿ."

ಬಾಗಿಲು ಹಾಕಿಕೊಂಡು ಅವಳು ಅತ್ತದ್ದು ಅವನಿಗೆ ಹೊರಗೆ ಕೇಳಿಸಿತು. ಅಷ್ಟು ದಿನ ಅವಳು ಕೂಸಿಗಾಗಿ ಅತ್ತದ್ದನ್ನು ಅವನು ಕೇಳಿದ್ದ. ಇದು ಅದಲ್ಲ. ಬೆಂಚಿನ ಮೇಲೆ ಕೂತು ಅವನೂ ಅತ್ತ. ಅವನ ಅಳುವಿನಿಂದ ಯಾರಿಗೂ ಏನೂ ಪ್ರಯೋಜನವಾಗಲಿಲ್ಲ.

ಇಬ್ಬರಿಗೂ ಸೂಜಿಯಾಯಿತು, ಪರೀಕ್ಷೆಯಾಯಿತು, ದಿಂಬು ಒಳಗೆ ಬಂತು. ಒಂದೆರಡು ವರ್ಷಕ್ಕೆ ಹುಟ್ಟಿದ ಗಂಡುಮಗು ಆಸ್ಪತ್ರೆಯ ಸೂರು ಹಾರಿಹೋಗುವಂತೆ ಅತ್ತಿತು. ದೂರದ ಲಾರಿ ಬಿಟ್ಟು ಗಂಡ ಯಾರ್ಡಿನಲ್ಲಿ ಲಾರಿ ತೂಗುವ ವೇಬ್ರಿಜ್ಜಿನಲ್ಲಿ ಕೆಲಸಕ್ಕೆ ಸೇರಿದ. ಆದರೆ ಮಕ್ಕಳು ಸತ್ತ ಕಾರಣವನ್ನು ಅವಳು ತವರಿನಲ್ಲಾಗಲಿ ಬೀದಿಯಲ್ಲಾಗಲಿ ಬಾಯಿ ಬಿಡಲಿಲ್ಲ. "ಹೇಳಿದ್ರೆ ನಿಮ್ಮ ಮುಖ ಯಾರೂ ನೋಡಲ್ಲ. ನನ್ನ ಹೊಟ್ಟೆ ತಾನೆ, ಅಂದುಕೊಂಡ್ರೆ ಅಂದುಕೊಳ್ಲಿ" ಎಂದಿದ್ದಳು.

*

ಮುಂದಿನ ಕೋಣೆಯಲ್ಲಿ ಚಹಾ ಬಂತು. ಸಾವಿನ ಮನೆಯಲ್ಲಿ ಚಹಾ ಬಂದರೆ ಮಾತೂ ಬರುತ್ತದೆ. ಮೀಸೆ ಗೋಡೆಗೆ ಒರಗಿ ಶುರುಮಾಡಿದ.

"ನನ್ನವಳು ಮೊದಲನೇ ಸಲ ದಿಂಬು ಹೊರಗಿಟ್ಟಾಗ ನನಗೆ ಮೈಯೆಲ್ಲ ಉರಿದು ಹೋಯ್ತು. ತಗೊಂಡೋಗಿ ಚರಂಡಿಗೆ ಎಸೆದೆ. ಯಾರ್ಡಿನೋರೆಲ್ಲ ನೋಡ್ಲಿ ಅಂತ ಕೂಗಾಡ್ದೆ. ಬೆಳಿಗ್ಗೆ ಎದ್ದು ನೋಡ್ತೀನಿ, ಬೀದಿ ತುಂಬ ದಿಂಬು! ಒಂದು ಬೆಂಚೂ ಖಾಲಿ ಇಲ್ಲ. ಗಂಡ ಮನೇಲೇ ಇರೋರದ್ದೂ ಹೊರಗೆ. ಮೂಲೆಮನೆ ತಾತಂದೂ ಹೊರಗೆ! ಆ ತಾತನಿಗೆ ಆಗಲೇ ಎಂಬತ್ತು."

"ತಾತ ಖುಷಿಯಾಗಿದ್ದ ಪಾಪ, ತನ್ನ ಮೇಲೂ ಅನುಮಾನ ಬಂತಲ್ಲ ಅಂತ" ಎಂದ ಇನ್ನೊಬ್ಬ.

ಕೋಣೆಯಲ್ಲಿ ನಗು ಎದ್ದಿತು. ಚಿಕ್ಕಮ್ಮ ಏನೂ ಅರ್ಥವಾಗದೆ ಅಡುಗೆಮನೆ ಬಾಗಿಲಲ್ಲಿ ನಿಂತು ಕಣ್ಣು ಕೆಂಪಗೆ ಮಾಡಿದಳು.

"ಆಮೇಲೆ ದಿಂಬಕ್ಕ ನಮ್ಮನೆಗೆ ಬಂದ್ಲು" ಎಂದು ಮೀಸೆ ಮುಂದುವರಿಸಿದ. ನಗು ಅವನ ಮುಖದಿಂದ ಇಳಿದಿತ್ತು. "ಜಗಳಕ್ಕೆ ಬಂದ್ಲು ಅಂದ್ಕೊಂಡೆ. 'ನಿನ್ನ ಮೇಲೆ ಅನುಮಾನ ಇಲ್ಲಪ್ಪ, ದಾರಿ ಮೇಲೆ ಅನುಮಾನ. ಬಾ, ನಾನೂ ಬರ್ತೀನಿ' ಅಂದ್ಲು. ಕ್ಲಿನಿಕ್ಕಿನ ಬೆಂಚಲ್ಲಿ ನನ್ನ ಪಕ್ಕ ಕೂತ್ಲು. ನೋಡಿದ್ರೆ ನನ್ನ ರಕ್ತದಲ್ಲಿ ಇತ್ತು. ನನ್ನವಳಿಗೆ ಇರ್ಲಿಲ್ಲ. ಆವತ್ತೇ ಮೀಸೆ ಬೋಳಿಸಿದ್ದು ನಾನು. ನನ್ನವಳ ಕಾಲು ಹಿಡಿಯೋಕೆ ಬಾಗಿದೆ, ಅವಳು ಹಿಡಿಯೋಕೆ ಬಿಡ್ಲಿಲ್ಲ. ಮೀಸೆನಾದ್ರೂ ಹೋಗ್ಲಿ ಅಂತ."

"ಟ್ರಿಪ್ಪಿಗೆ ಹೊರಡೋವಾಗ ಡ್ಯಾಶ್‌ಬೋರ್ಡಲ್ಲಿ ತಲೆನೋವಿನ ಮಾತ್ರೆ ಜೊತೆ ಕಾಂಡೋಮ್ ಪೊಟ್ಟಣನೂ ಇಟ್ಟು ಹೋಗ್ತಿದ್ಲು" ಎಂದ ಬಾಗಿಲ ಬಳಿ ಕೂತಿದ್ದ ಎಳೆ ಡ್ರೈವರ್. "'ಎರಡೂ ಬೇಕಾಗೋದು ಬೇಡ, ಬೇಕಾದಾಗ ಇಲ್ಲ ಅನ್ನೋದೂ ಬೇಡ' ಅಂತಿದ್ಲು. ನನಗೆ ತಲೆ ಎತ್ತಿ ನೋಡೋಕೇ ನಾಚಿಕೆ ಆಗ್ತಿತ್ತು."

ಮಗ ಮೂಲೆಯಲ್ಲಿ ಕೂತಿದ್ದ. ಅವನ ಲೋಟದ ಚಹಾ ಆರಿ ಕೆನೆ ಕಟ್ಟಿತ್ತು. ಎಲ್ಲರೂ ತನ್ನ ತಾಯಿಯನ್ನು ಹೊಗಳುತ್ತಿರುವಾಗ ಅವನು ಇದ್ದಕ್ಕಿದ್ದಂತೆ ಎದ್ದು ಲಾರಿ ಕಡೆಗೆ ಹೋದ. ಬಾಗಿಲ ಮರೆಯಿಂದ ಸೊಸೆ ಅದನ್ನು ನೋಡಿದಳು. ಅಷ್ಟು ಹೊತ್ತಿನ ತನಕ ಅವಳಿಗಿದ್ದದ್ದು ಒಂದು ಪದ್ಧತಿ ತಪ್ಪಿಹೋಗುತ್ತದಲ್ಲ ಎಂಬ ಅಳುಕು. ಈಗ ಅವನ ಮೇಲೇ ಅನುಮಾನ ಬಂದು, ದಿಂಬನ್ನು ಮತ್ತೆ ಹೊರಗಿನ ಬೆಂಚಿಗೆ ತಂದಿಟ್ಟಳು.

*

ಮೂರು ತಿಂಗಳ ಹಿಂದೆ, ಅವನ ಲಾರಿ ಹೊರಟ ಮಧ್ಯಾಹ್ನ, ಅತ್ತೆ ಸೊಸೆ ಇಬ್ಬರೂ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಬಸುರಿನ ಮೊದಲ ಪರೀಕ್ಷೆ ಮುಗಿದಿತ್ತು, ಎಲ್ಲ ಚೊಕ್ಕವಾಗಿತ್ತು.

"ಇನ್ನೊಬ್ಬರ ಮನೇಲಿ ಹೆಂಡ್ತಿಯರೇ ದಿಂಬು ಹೊರಗಿಡ್ತಾರೆ ಅತ್ತೆ. ನನಗೆ ಧೈರ್ಯ ಸಾಲಲ್ಲ. ನಿಮ್ಮನ್ನ ನಂಬಲ್ಲ ಅಂತ ಅವರ ಮುಖಕ್ಕೇ ಹೇಳಿದ ಹಾಗಾಗುತ್ತೆ" ಎಂದಿದ್ದಳು ಸೊಸೆ.

ದಿಂಬಕ್ಕ ನಕ್ಕಳು. "ನಾನು ನಿಮ್ಮ ಮಾವನ್ನ ಇವತ್ತಿಗೂ ನಂಬ್ತೀನಿ ಕಣೇ. ಜೀವಕ್ಕೆ ಜೀವ ಕೊಡೋ ಮನುಷ್ಯ. ಆದ್ರೆ ನಂಬಿಕೆ ನೋಡಿ ಕಾಯಿಲೆ ವಾಪಸ್ ಹೋಗಲ್ಲ."

ಸೊಸೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಆಗಿನ್ನೂ ಅಲ್ಲಿ ಏನೂ ಕಾಣುತ್ತಿರಲಿಲ್ಲ.

"ಅಳದೇ ಇರೋ ಕೂಸನ್ನ ಒಂದ್ಸಲ ಎತ್ಕೊಂಡಿದೀನಿ. ಇನ್ನೊಂದ್ಸಲ ಎತ್ಕೊಳೋ ಶಕ್ತಿ ನನಗಿಲ್ಲ. ನಾನಿರ್ತೀನಿ, ನೀನು ಬಾಯಿ ತೆರೀಬೇಕಿಲ್ಲ. ಬೈದ್ರೆ ಅವನು ನನ್ನ ಬೈಲಿ."

ನಾನಿರ್ತೀನಿ ಎಂದು ಎಷ್ಟು ಸುಲಭವಾಗಿ ಹೇಳಿದ್ದಳು.

*

ಸಂಜೆ ಬೀದಿ ದೀಪ ಹತ್ತುವ ಹೊತ್ತಿಗೆ ಚಿಕ್ಕಮ್ಮ ಅಕ್ಕನ ಮಗನನ್ನು ಲಾರಿಯಿಂದ ಹಿಡಿದು ತಂದಳು. "ಕಣ್ಣೆಲ್ಲ ಒಳಗೆ ಹೋಗಿದೆ. ಒಂದು ಗಳಿಗೆ ಅಡ್ಡಾಗು ಹೋಗಪ್ಪ" ಎಂದು ಒಳಕೋಣೆಗೆ ತಳ್ಳಿದಳು. ಅಲ್ಲಿ ಹಾಸಿಗೆಯ ಮೇಲೆ ಒಂದೇ ದಿಂಬಿತ್ತು. ಸೊಸೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು.

"ನನ್ನ ದಿಂಬೆಲ್ಲಿ?"

"ಹೊರಗೆ."

ಅವನಿಗೆ ಮೊದಲು ಕೇಳಿಸಲೇ ಇಲ್ಲ ಎಂಬಂತಿತ್ತು. "ಇವತ್ತೂನಾ?" ಎಂದ. ಮುಂದಿನ ಕೋಣೆಯವರು ಇತ್ತ ತಿರುಗಿದರು. "ನನ್ನಮ್ಮನ ಮೇಲೆ ಹಾಕಿ ಬಂದ ಮಣ್ಣು ಇನ್ನೂ ಹಸಿಯಾಗಿದೆ ಕಣೇ. ಇವತ್ತೂನಾ?"

"ಕ್ಲಿನಿಕ್ಕು ಎಂಟರ ತನಕ ಇರುತ್ತೆ. ನಾನೂ ಬರ್ತೀನಿ ರೀ. ಹೋಗಿ ಬರೋಣ."

"ನನ್ನ 'ರೀ' ಅನ್ಬೇಡ. ಕಟ್ಕೊಂಡ ಗಂಡ ತಾಯಿನ ಕಳ್ಕೊಂಡು ಬಂದಿದಾನೆ, ನಿನಗೆ ಅವನ ರಕ್ತ ಬೇಕಾ?"

"ಏನಮ್ಮ ಇದು?" ಚಿಕ್ಕಮ್ಮ ನಡುವೆ ನುಗ್ಗಿದಳು. ಅಷ್ಟು ಹೊತ್ತಿಗೆ ಟೈಲರಮ್ಮ ಅವಳ ಕಿವಿಯಲ್ಲಿ ದಿಂಬಿನ ಕತೆ ಹಾಕಿದ್ದಳು. "ನಮ್ಮ ಹುಡುಗನ ಮೇಲೆ ಎಂಥ ಮಾತು! ಹೆತ್ತವಳ ಸಾವಿನ ದಿನ ಗಂಡನ್ನ ಹೊರಗೆ ಹಾಕೋ ಹೆಣ್ಣನ್ನ ನಾನೆಲ್ಲೂ ನೋಡ್ಲಿಲ್ಲ!"

ಸೊಸೆ ಬಾಗಿಲು ಬಿಡಲಿಲ್ಲ.

"ಅತ್ತೆ ಇದ್ದಿದ್ರೆ ನಾನು ಬಾಯಿ ಬಿಡ್ತಿರ್ಲಿಲ್ಲ ಚಿಕ್ಕತ್ತೆ. ಅವರಿಲ್ಲ. ನನ್ನ ಕೂಸಿನ ಪರವಾಗಿ ಕೇಳೋಕೆ ಇನ್ಯಾರಿದಾರೆ?"

"ಕೂಸಿಗೇನಾಗುತ್ತೆ? ನನ್ನಕ್ಕನ ಮಕ್ಕಳು ಹೋಗಿದ್ದು ಅವಳ ಹೊಟ್ಟೆ ಸರಿಯಿಲ್ಲದೆ. ಅದನ್ನೇ ತಲೇಲಿಟ್ಕೊಂಡು ಅವಳು ಈ ಬೀದಿಯ ಹೆಂಗಸರಿಗೆಲ್ಲ ಏನೇನೋ..."

"ಅವಳ ಹೊಟ್ಟೆ ಸರಿಯಾಗೇ ಇತ್ತು."

ಮಾತಾಡಿದ್ದು ಮುದುಕ. ಗೋಡೆ ಹಿಡಿದುಕೊಂಡು ಎದ್ದು ನಿಂತ.

"ಕಾಯಿಲೆ ತಂದೋನು ನಾನು. ಗುಟ್ಟಾಗಿ ವಾಸಿ ಮಾಡ್ಕೊಂಡೋನೂ ನಾನು. ಅವಳಿಗೆ ಹೇಳದೇ ಇದ್ದೋನೂ ನಾನು. ಅದರಿಂದ ಹೋದ್ವು ಮೂರು ಮಕ್ಕಳೂ. ಮಾನ ಹೋಗುತ್ತೆ ಅಂತ ಹೇಳ್ಲಿಲ್ಲ. ನೀವೆಲ್ಲ ಅವಳ ಹೊಟ್ಟೆಗೆ ಅಂದ್ರಿ. ಅವಳು ನನ್ನ ಮುಖ ಉಳಿಸೋಕೆ ಅನ್ನಿಸ್ಕೊಂಡ್ಲು. ನಾನು ಪಕ್ಕದಲ್ಲೇ ಕೂತು ಕೇಳಿಸ್ಕೊಂಡೆ."

ಬೀದಿಯವರಿಗೂ ಇದು ಹೊಸದು. ಕ್ಲಿನಿಕ್ಕಿನವರು ಹೇಳಿಕೊಟ್ಟದ್ದನ್ನು ದಿಂಬಕ್ಕ ಮಾಡುತ್ತಿದ್ದಾಳೆ ಎಂದೇ ಎಲ್ಲರೂ ತಿಳಿದಿದ್ದರು.

ಚಿಕ್ಕಮ್ಮ ನಿಂತಲ್ಲೇ ಕುಸಿದು ಕೂತಳು. "ನನಗೊಂದು ಮಾತು ಹೇಳ್ಲಿಲ್ವಲ್ಲ ಭಾವ" ಎಂದಳು. ಆಮೇಲೆ ತನ್ನ ಬಾಯಿಯನ್ನು ತಾನೇ ಕೈಯಿಂದ ಮುಚ್ಚಿಕೊಂಡಳು. ಕೈಯ ಸಂದಿಯಿಂದ ಮಾತು ಬಂತು. "ಮೊನ್ನೆ ಫೋನಲ್ಲೂ ಅಂದೆ. ಸೊಸೆ ಹೊಟ್ಟೆ ನಿನ್ನ ಹೊಟ್ಟೆ ಥರ ಆಗ್ದೇ ಇರ್ಲಿ ಅಕ್ಕ ಅಂದೆ. 'ಹೂಂ ಕಣೇ' ಅಂದ್ಲು. ಅಷ್ಟೇ ಅಂದ್ಲು."

ಮಗ ಯಾರನ್ನೂ ನೋಡದೆ ಹೊರಗೆ ಹೋದ.

*

ಲಾರಿಯ ಹಿಂದಿನ ಚಕ್ರಕ್ಕೆ ಒರಗಿ ಅವನು ನೆಲದ ಮೇಲೆ ಕೂತಿದ್ದ. ಅಪ್ಪ ಬಂದು ಪಕ್ಕದಲ್ಲಿ ಕೂತ. ವಯಸ್ಸಾದ ಮಂಡಿಗಳಿಗೆ ಕೂರಲು ಹೊತ್ತು ಹಿಡಿಯಿತು.

"ನೋವಿರ್ಲಿಲ್ಲ ಅಪ್ಪ" ಎಂದ ಮಗ. "ಸಣ್ಣದೊಂದು ಹುಣ್ಣು. ತಾನಾಗೇ ಮಾಯ್ತು."

ಮುದುಕ ಕಣ್ಣು ಮುಚ್ಚಿಕೊಂಡ. "ನನಗೂ ನೋವಿರ್ಲಿಲ್ಲ ಕಣೋ."

"ಅಮ್ಮ ಇಟ್ಟ ಪೊಟ್ಟಣ ಡ್ಯಾಶ್‌ಬೋರ್ಡಲ್ಲೇ ಇತ್ತು. ಆವತ್ತು ಕುಡಿದಿದ್ದೆ. ಒಂದೇ ಸಲ ತಾನೆ ಅಂದ್ಕೊಂಡೆ." ಕೆನ್ನೆಗೆ ಮೆತ್ತಿದ್ದ ಧೂಳನ್ನು ತೋಳಿನಿಂದ ಒರೆಸಿಕೊಂಡ. "ಹೋದ ವಾರವೇ ಬರ್ಬೇಕಿತ್ತು ನಾನು. ಲೋಡು ಇಳಿಸಿ ಆಗಿತ್ತು. ಬಂದ್ರೆ ಅಮ್ಮ ದಿಂಬು ಹೊರಗಿಡ್ತಾಳೆ, ಕ್ಲಿನಿಕ್ಕಿಗೆ ಕರ್ಕೊಂಡು ಹೋಗ್ತಾಳೆ, ಪಕ್ಕದಲ್ಲೇ ಕೂತ್ಕೋತಾಳೆ, ಅವಳಿಗೆ ಗೊತ್ತಾಗುತ್ತೆ. ಅದಕ್ಕೆ ಹೆದರಿ ಬೇಕಂತಲೇ ಇನ್ನೊಂದು ಲೋಡು ಹಿಡ್ಕೊಂಡು ದೂರ ಹೋದೆ. ಬಂದಿದ್ರೆ ಅವಳನ್ನ ಜೀವಂತ ನೋಡ್ತಿದ್ದೆ ಅಪ್ಪ."

ಸಮಾಧಾನ ಹೇಳುವ ಹಕ್ಕು ತನಗಿಲ್ಲ ಎಂದು ಅಪ್ಪನಿಗೆ ಗೊತ್ತಿತ್ತು. ಮಗನ ತೋಳು ಹಿಡಿದು ಎಬ್ಬಿಸಿದ, ಇಲ್ಲವೇ ಮಗನೇ ಅವನನ್ನು ಎಬ್ಬಿಸಿದನೋ ಏನೋ. ತಿರುವಿನಲ್ಲಿ ಸೊಸೆ ಚಪ್ಪಲಿ ಮೆಟ್ಟಿಕೊಂಡು ಕಾಯುತ್ತಿದ್ದಳು.

"ನಿನಗೆ ಹೇಳ್ಬೇಕಾಗಿರೋದು ಇದೆ" ಎಂದ ಅವಳ ಗಂಡ.

"ನಡೀತಾ ಹೇಳಿ" ಎಂದಳು ಅವಳು. ಅವನು ಹೇಳುತ್ತಾ ಹೋದ. ಗೇಟು ಬರುವಷ್ಟರಲ್ಲಿ ಅವಳು ಎರಡು ಸಲ ನಿಂತು ಅತ್ತಳು, ಒಂದು ಸಲ ಅವನ ಕೈ ಕೊಡವಿ ಮುಂದೆ ಹೋದಳು. ಆದರೆ ಮನೆಯ ಕಡೆಗೆ ತಿರುಗಲಿಲ್ಲ.

*

ಸಂಜೆ ಕ್ಲಿನಿಕ್ಕಿನ ನರ್ಸು ಆಗ ತಾನೆ ಬಸ್ಸಿಳಿದು ಬಂದು ಕೈ ತೊಳೆದುಕೊಂಡಿದ್ದಳು. ಅವಳು ಬೇರೆ ಕಡೆಯವಳು, ಬೀದಿಯ ಸಾವಿನ ಸುದ್ದಿ ಅವಳಿಗೆ ಇನ್ನೂ ಮುಟ್ಟಿರಲಿಲ್ಲ. ಗಂಡ ಹೆಂಡತಿ ಇಬ್ಬರ ಬೆರಳಿಗೂ ಚುಚ್ಚಿ, ಒಂದೊಂದು ಹನಿ ರಕ್ತವನ್ನು ಒಂದೊಂದು ಪಟ್ಟಿಯ ಮೇಲೆ ಬಿಟ್ಟು, ಗಡಿಯಾರ ನೋಡಿದಳು.

ಅವನ ಪಟ್ಟಿಯಲ್ಲಿ ಎರಡು ಗೆರೆ ಮೂಡಿದವು. ಅವಳದರಲ್ಲಿ ಒಂದೇ.

"ಟ್ರಿಪ್ಪಿನಿಂದ ಬಂದ ಮೇಲೆ ಜೊತೇಲಿ ಮಲಗಿದ್ರಾ?"

ಸೊಸೆ ಇಲ್ಲ ಎಂದು ತಲೆಯಾಡಿಸಿದಳು.

"ಬಚಾವಾದೆ ತಾಯಿ. ಕೂಸೂ ಬಚಾವ್" ಎಂದು ನರ್ಸು ಉಸಿರು ಬಿಟ್ಟಳು. ಅವನ ಕಡೆ ತಿರುಗಿದಳು. "ಇದು ಹೋಗೋ ಕಾಯಿಲೆ, ಹೆದರ್ಬೇಡಪ್ಪ. ಇವತ್ತೇ ಸೂಜಿ ಹಾಕ್ತೀನಿ. ನಾನು ಸರಿ ಅನ್ನೋ ತನಕ ಇವಳ ಹತ್ರ ಹೋಗೋ ಹಾಗಿಲ್ಲ. ಆಮೇಲೂ ಹೆರಿಗೆ ಆಗೋ ತನಕ ಕಾಂಡೋಮ್ ಇಲ್ದೆ ಬೇಡ. ದೊಡ್ಡ ಕಾಯಿಲೆ, ಎಚ್‌ಐವಿ ಪರೀಕ್ಷೆಯೂ ಈಗೊಂದು ಸಲ, ಮೂರು ತಿಂಗಳಿಗೆ ಇನ್ನೊಂದು ಸಲ ಮಾಡ್ಸು. ಮತ್ತೆ ದಾರೀಲಿ ಯಾವ ಹೆಂಗಸಿನ ಜೊತೆ ಇದ್ಯೋ ಅವಳಿಗೂ ಸುದ್ದಿ ಮುಟ್ಸು. ಅವಳದ್ದೂ ಜೀವವೇ."

ಅವನು ಎಲ್ಲದಕ್ಕೂ ಹೂಂಗುಟ್ಟಿದ. ಮೊದಲು ತೋಳಿಗೆ ಸಣ್ಣದಾಗಿ ಚುಚ್ಚಿ, ಮೈಗೆ ಒಗ್ಗುತ್ತದೆಯೇ ನೋಡಿ, ಆಮೇಲೆ ಪರದೆಯ ಹಿಂದಿನ ಮಂಚದ ಮೇಲೆ ಬೋರಲು ಮಲಗಿಸಿದಳು. ಸೊಸೆ ತಲೆಯ ಹತ್ತಿರ ನಿಂತಳು. ಅವನ ಮೇಲಿನ ಅವಳ ಸಿಟ್ಟು ಇಳಿದಿರಲಿಲ್ಲ. ಆದರೂ ಅವನು ಚಾಚಿದ ಕೈಯನ್ನು ಹಿಡಿದುಕೊಂಡಳು.

ದಪ್ಪ ಸೂಜಿ, ಗಟ್ಟಿ ಔಷಧಿ. ಅದು ಇಳಿಯುತ್ತಿದ್ದಂತೆ ಅವನ ಗಂಟಲಿಂದ ಒಂದು ಸದ್ದು ಹೊರಟಿತು. ಆಮೇಲೆ ಇನ್ನೊಂದು. ಆಮೇಲೆ ತಡೆಯಿಲ್ಲದೆ, ಮಂಚವೇ ಅಲುಗಾಡುವಂತೆ, ಅವನು ಅಮ್ಮಾ ಅಮ್ಮಾ ಎಂದು ಅಳತೊಡಗಿದ.

"ಅಯ್ಯೋ, ಇಷ್ಟು ಗಟ್ಟಿಮುಟ್ಟಾದ ಗಂಡಸು! ಒಂದು ಸೂಜಿಗೆ ಹೀಗೆ ಅಳ್ತಾರೇನಪ್ಪ?" ನರ್ಸು ಹತ್ತಿ ಒತ್ತಿಹಿಡಿದು ಬೆನ್ನು ತಟ್ಟಿದಳು. ಸೊಸೆ ಏನೋ ಹೇಳಹೊರಟಳು, ನರ್ಸು ಬಿಡಲಿಲ್ಲ. "ನಿಮ್ಮಮ್ಮ ಹೊರಗಿದಾರೆ ತಾನೆ? ಅವರಿಲ್ದೆ ಈ ಕ್ಲಿನಿಕ್ಕಿಗೆ ಯಾರು ಬಂದಿದಾರೆ? ತಡಿ, ಕರೀತೀನಿ. ಎರಡು ಬೈದ್ರೆ ಸರಿಹೋಗ್ತೀಯ. ದಿಂಬಕ್ಕಾ..."

ಪರದೆ ಸರಿಸಿ ಅವಳು ಹೊರಗೆ ನೋಡಿದಳು. ಮುದುಕ ಬೆಂಚಿನ ಒಂದು ತುದಿಯಲ್ಲಿ ಕೂತಿದ್ದ. ಅವನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಿತ್ತು. ಸರದಿಗೆ ಬಂದ ಡ್ರೈವರುಗಳು ಬಾಗಿಲ ತನಕ ಗೋಡೆಗೆ ಒರಗಿ ನಿಂತಿದ್ದರು. ಒಬ್ಬನೂ ಅಲ್ಲಿ ಕೂತಿರಲಿಲ್ಲ.